ಗಂಗೆಯನ್ನು ಎಲ್ಲಿಂದ ತರುವುದು?

ನಮ್ಮ ಭಾಗದ ಮದುವೆಗಳಲ್ಲಿ ಧಾರೆಗೆ ಮುನ್ನ ಗಂಗೆ ತರುವ ಶಾಸ್ತ್ರವಿದೆ. ಹೆಂಗಸರು ಓಲಗದವರೊಡನೆ ಊರ ಬಾವಿಗೋ ಕೆರೆಗೋ ಹೋಗಿ, ಅರಿಶಿನ ಕುಂಕುಮವಿಟ್ಟು ಪೂಜಿಸಿ, ಮಡಕೆಯಲ್ಲಿ ನೀರು ತುಂಬಿ ತರುತ್ತಾರೆ. ಆ ನೀರು ಚಪ್ಪರಕ್ಕೆ ಬಂದ ಮೇಲೆಯೇ ಮುಂದಿನ ಕಾರ್ಯ.

ಕಳೆದ ಮಾಘದಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಅಕ್ಕನ ಮನೆಯ ಜಗಲಿಯಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಅಕ್ಕನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ; ಹುಡುಗನೂ ಅದೇ ಕೆಲಸದವನು. ಇಬ್ಬರೂ ಸೇರಿ ಮದುವೆಯನ್ನು ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಮಾಡಿಕೊಳ್ಳುವುದೆಂದು ನಿಶ್ಚಯಿಸಿದ್ದರು. ನೂರಿಪ್ಪತ್ತು ಜನ, ಮೂರು ರಾತ್ರಿ. ಏರ್ಪಾಟು ಮಾಡುವ ಸಂಸ್ಥೆಯವನು ಮೊಬೈಲಿನ ಪರದೆಯಲ್ಲಿ ಪ್ರತ್ಯಕ್ಷನಾಗಿ ಎಲ್ಲವನ್ನೂ ವಿವರಿಸುತ್ತಿದ್ದ. ಎಂಬತ್ತು ದಾಟಿದ ಅಕ್ಕನ ಅತ್ತೆಯವರು ಅಷ್ಟನ್ನೂ ಕೇಳಿಸಿಕೊಂಡು, "ಅಲ್ಲಿ ಗಂಗೆ ಎಲ್ಲಿಂದ ತರ್ತೀರಮ್ಮ?" ಎಂದರು. "ದೊಡ್ಡ ಈಜುಕೊಳ ಇದೆ ಅಜ್ಜಿ" ಎಂದ ಪರದೆಯವನು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಬಸ್ಸಿನಲ್ಲಿ ಮರಳುವಾಗ ಅಜ್ಜಿಯ ಪ್ರಶ್ನೆ ಬೇರೆಯದೇ ರೀತಿಯಲ್ಲಿ ಕಾಡತೊಡಗಿತು. ಇಲ್ಲಿಯಾದರೂ ನಾವು ಗಂಗೆಯನ್ನು ಎಲ್ಲಿಂದ ತರುತ್ತಿದ್ದೇವೆ? ಆ ಊರಿನ ತೆರೆದ ಬಾವಿ ಬತ್ತಿ ಎರಡು ದಶಕವಾಯಿತು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ. ಬರುವ ನೀರಿನಲ್ಲಿ ಫ್ಲೋರೈಡ್. ಈಚಿನ ಮದುವೆಗಳಲ್ಲಿ ಗಂಗೆಪೂಜೆ ನಡೆಯುವುದು ನಲ್ಲಿಗೆ, ಇಲ್ಲವೇ ಟ್ಯಾಂಕರಿನವನು ತುಂಬಿಸಿಹೋದ ಡ್ರಮ್ಮಿಗೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಇವೆ. ಶಾಶ್ವತ ನೀರಾವರಿ ಕೇಳಿ 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟವರಲ್ಲಿ ನಮ್ಮ ಭಾವನವರೂ ಇದ್ದರು. ಆಮೇಲೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಬಂತು. ಕಂದವಾರ ಕೆರೆ ತುಂಬಿದಾಗ ಜನ ಸಂತೋಷಪಟ್ಟದ್ದು ನಿಜ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿ ಹರಿಸಿದ ನೀರು. ಮೂರನೇ ಹಂತದ ಶುದ್ಧೀಕರಣದ ಬೇಡಿಕೆಯನ್ನು ನಾವು ಆಗಿನಿಂದ ಮುಂದಿಡುತ್ತಲೇ ಬಂದಿದ್ದೇವೆ. ಅಂಥ ಕೆರೆಯಿಂದ ಮಡಕೆ ತುಂಬಿ ತರಲು ಯಾವ ಮುತ್ತೈದೆಗೆ ಮನಸ್ಸು ಬಂದೀತು?

ನಾನು ಹುಡುಗಿಯ ಸೋದರಮಾವ. ಆಕೆಯನ್ನು ಮಂಟಪಕ್ಕೆ ಕರೆತರಬೇಕಾದವನು. ಪರಿಸರದ ವಿಷಯ ಬರೆದುಕೊಂಡಿರುವ ನಾನು ವಿಮಾನ ಹತ್ತಿ ಸಮುದ್ರದಾಚೆಯ ಮದುವೆಗೆ ಹೋಗುವುದೆಂದರೇನು ಎಂಬ ಬಿಗುಮಾನದಿಂದಲೇ ಆಕೆಗೆ ಫೋನ್ ಮಾಡಿ ಒಂದಿಷ್ಟು ಲೆಕ್ಕ ಒಪ್ಪಿಸಿದೆ. ಆ ಲೆಕ್ಕವನ್ನು ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿಯೂ ಕೊಡುತ್ತೇನೆ. ದೇವನಹಳ್ಳಿಯಿಂದ ಬಾಲಿಗೆ ನೇರ ವಿಮಾನದಲ್ಲಿ ಆರರಿಂದ ಏಳು ಗಂಟೆಯ ಹಾದಿ. ನೂರೆಂಬತ್ತು ಆಸನದ ವಿಮಾನವು ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ. ಒಂದು ಕಿಲೋ ವಿಮಾನ ಇಂಧನ ಸುಟ್ಟರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿ ಭಾಗಿಸಿದರೆ ಹೋಗಿಬರಲು ತಲೆಗೆ ಸುಮಾರು ಆರುನೂರು ಕಿಲೋ. ಭಾರತೀಯನೊಬ್ಬನ ಇಡೀ ವರ್ಷದ ಸರಾಸರಿ ಪಾಲು ಎರಡು ಟನ್ನಿನ ಆಸುಪಾಸು. ಅಂದರೆ ಮೂರು ದಿನದ ಮದುವೆಗಾಗಿ ಪ್ರತಿಯೊಬ್ಬ ಅತಿಥಿಯೂ ನಾಲ್ಕು ತಿಂಗಳ ಪಾಲಿನಷ್ಟನ್ನು ಗಾಳಿಗೆ ಬಿಡುತ್ತಾನೆ.

ಆಕೆ ಶಾಂತವಾಗಿ ಕೇಳಿದಳು. ನಂತರ ಹೇಳಿದ್ದು ಇದು: "ಮಾವ, ಊರಲ್ಲಿ ಮದುವೆ ಅಂದ್ರೆ ಸಾವಿರದ ಐನೂರು ಜನ. ಅಪ್ಪ ಎರಡು ಎಕರೆ ಮಾರಬೇಕು, ಇಲ್ಲ ಬಡ್ಡಿಗೆ ತರಬೇಕು. ಅಲ್ಲಿ ನೂರಿಪ್ಪತ್ತು ಜನ, ನಾವಿಬ್ಬರೂ ಉಳಿಸಿದ ದುಡ್ಡಲ್ಲಿ ಮುಗಿಯುತ್ತೆ. ಊರಲ್ಲೇ ನೂರಿಪ್ಪತ್ತು ಜನಕ್ಕೆ ಮಾಡಿದರೆ ಜನ ಅಪ್ಪನ್ನ ಸುಮ್ಮನೆ ಬಿಡ್ತಾರಾ? ದೂರ ಮಾಡಿದರೆ ಯಾರೂ ಯಾಕೆ ಕರೀಲಿಲ್ಲ ಅಂತ ಕೇಳಲ್ಲ."

ಉತ್ತರ ಹೊಳೆಯದೆ ಫೋನ್ ಇಟ್ಟೆ. ವಿದೇಶದ ಮದುವೆಯೆಂದರೆ ಸಿರಿವಂತರ ಶೋಕಿ, ಚಲನಚಿತ್ರ ತಾರೆಯರ ಅನುಕರಣೆ ಎಂದು ಬರೆಯಲು ಸಿದ್ಧನಾಗಿದ್ದವನು ನಾನು. ಶೋಕಿ ಇಲ್ಲವೆಂದಲ್ಲ. ಆದರೆ ಈ ಹುಡುಗಿ ಸಮುದ್ರವನ್ನು ಬಯಸಿ ಹೊರಟವಳಲ್ಲ, ಊರಿಗೆ ಹೆದರಿ ಹೊರಟವಳು. ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರವನ್ನು ಆಕೆ ಕೊಳ್ಳುತ್ತಿರುವುದು ಊರಿನ ಮುಯ್ಯಿ ಪುಸ್ತಕದಿಂದ ಬಿಡುಗಡೆ ಪಡೆಯಲಿಕ್ಕೆ.

ಮುಯ್ಯಿ ಕೆಟ್ಟದ್ದೇನಲ್ಲ. ಕಷ್ಟಕಾಲದಲ್ಲಿ ಬಡ್ಡಿಯಿಲ್ಲದ ಸಾಲವಾಗಿ, ನಾಳೆ ನಿನಗೆ ನಾನು ಎಂಬ ಭರವಸೆಯಾಗಿ ಹುಟ್ಟಿದ ಪದ್ಧತಿ ಅದು. ನೆರೆಯವರು ತಂದ ರಾಗಿ, ಅಕ್ಕಿ, ಬೆಲ್ಲದಲ್ಲಿ ಮದುವೆಯ ಊಟವಾಗುತ್ತಿತ್ತು. ಚಪ್ಪರಕ್ಕೆ ಸೊಪ್ಪು ಕಡಿಯಲು ಊರಿನ ಹುಡುಗರೇ ಬರುತ್ತಿದ್ದರು. ಈಗ ಮುಯ್ಯಿ ಲಕೋಟೆಯಾಗಿದೆ, ಚಪ್ಪರ ಛತ್ರವಾಗಿದೆ. ಸಾವಿರಾರು ಜನರ ಊಟ, ಅದರ ಮೇಲೆ ಬೀಗರೂಟ, ದಾರಿಯುದ್ದಕ್ಕೂ ಫ್ಲೆಕ್ಸು. ಪ್ರತಿ ಎಲೆಯ ಮುಂದೆ ಅರ್ಧ ಕುಡಿದಿಟ್ಟ ಪ್ಲಾಸ್ಟಿಕ್ ನೀರಿನ ಬಾಟಲಿ! ಮಾರನೆಯ ದಿನ ಅಷ್ಟೂ ಹೋಗಿ ರಾಜಕಾಲುವೆಯಲ್ಲಿ ಬಿದ್ದಿರುತ್ತದೆ. ಲಗ್ನದ ತಿಂಗಳಲ್ಲಿ ಯಾವುದಾದರೂ ಛತ್ರದ ಹಿಂಭಾಗಕ್ಕೆ ಹೋಗಿ ನೋಡಿದವರು ಊರಿನ ಮದುವೆ ಹಸಿರು, ಬಾಲಿಯ ಮದುವೆ ಕಪ್ಪು ಎಂದು ಹೇಳಲಾರರು.

ಆದರೂ ಬಾಲಿಯ ಬಗ್ಗೆ ಓದಿದಷ್ಟೂ ನನಗೆ ಅದು ಪರದೇಶವೆನಿಸಲಿಲ್ಲ. ಅಲ್ಲಿನ ಬೆಟ್ಟದ ಇಳಿಜಾರುಗಳಲ್ಲಿ ಮೆಟ್ಟಿಲು ಗದ್ದೆಗಳಿಗೆ ನೀರು ಹಂಚುವ ‘ಸುಬಾಕ್’ ಎಂಬ ರೈತರ ಕೂಟಗಳಿವೆ. ನೀರಿನ ದೇವಾಲಯದ ಸುತ್ತ ಕಟ್ಟಿಕೊಂಡ ವ್ಯವಸ್ಥೆ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಎಂಬುದನ್ನು ಕೂಟ ನಿರ್ಧರಿಸುತ್ತದೆ, ಅದರ ಹಿರಿಯನನ್ನು ‘ಪೆಕಾಸೆ’ ಎನ್ನುತ್ತಾರೆ. ನಮ್ಮ ಕೆರೆಗಳ ತೂಬೆತ್ತುತ್ತಿದ್ದ ನೀರಗಂಟಿ ನೆನಪಾಗಲಿಲ್ಲವೆ? 2012ರಲ್ಲಿ ಯುನೆಸ್ಕೊ ಈ ಸುಬಾಕ್ ಪ್ರದೇಶಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅದೇ ಗದ್ದೆಗಳ ನಡುವೆ ಅತಿಥಿಗೃಹಗಳು ಎದ್ದಿವೆ, ಕಾಲುವೆಗಳು ಮುಚ್ಚಿವೆ, ಹೋಟೆಲುಗಳ ಕೊಳವೆಬಾವಿಗಳಿಂದ ರೈತರ ಬಾವಿಗಳು ಕುಸಿದಿವೆ. 2024ರಲ್ಲಿ ಬಾಲಿಗೆ ಹೋದ ವಿದೇಶಿಯರಲ್ಲಿ ಆಸ್ಟ್ರೇಲಿಯದವರ ನಂತರದ ಸ್ಥಾನ ನಮ್ಮವರದು. ಅದೇ ವರ್ಷ ಫೆಬ್ರವರಿಯಿಂದ ಬರುವ ಪ್ರತಿ ವಿದೇಶಿಯ ಮೇಲೆ ಒಂದೂವರೆ ಲಕ್ಷ ರುಪಾಯ, ಅಂದರೆ ನಮ್ಮ ಎಣಿಕೆಯಲ್ಲಿ ಸಾವಿರಕ್ಕೂ ಕಡಿಮೆ ರೂಪಾಯಿಯ ಶುಲ್ಕ ವಿಧಿಸಿದರು. 2025ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಹನ್ನೆರಡಕ್ಕೂ ಹೆಚ್ಚು ಜನ ಸತ್ತ ಮೇಲೆ, ಗದ್ದೆಗಳನ್ನು ಹೋಟೆಲಾಗಿ ಪರಿವರ್ತಿಸುವುದನ್ನು ನಿಲ್ಲಿಸಬೇಕೆಂಬ ಮಾತು ಅಲ್ಲಿನ ಆಡಳಿತದಿಂದಲೇ ಬಂದಿತು. ಕೆರೆ ಒಣಗಿದ ಊರಿನವರು ಹೋಗಿ ಕಾಲುವೆ ಒಣಗುತ್ತಿರುವ ಊರಿನಲ್ಲಿ ಹಾರ ಬದಲಾಯಿಸಿಕೊಂಡು ಬರುವುದು, ಅಲ್ಲಿನ ನೀರಗಂಟಿಯ ಎದುರಿಗೆ!

ಹಾಗಾದರೆ ನಮ್ಮ ದೇಶದಲ್ಲೇ ಮಾಡಿ ಎನ್ನಬಹುದು. 2023ರ ನವೆಂಬರ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಹೇಳಿದ್ದೂ ಅದನ್ನೇ. ಅವರ ಕಾಳಜಿ ದೇಶದ ಹಣ ದೇಶದಲ್ಲಿರಲಿ ಎಂಬುದು, ಅದು ಸರಿಯಾದದ್ದೇ. ಲಗ್ನದ ತಿಂಗಳೆಂದರೆ ಚಿಕ್ಕಬಳ್ಳಾಪುರದ ಸೇವಂತಿಗೆ, ಗುಲಾಬಿಗೆ ಬೆಲೆ, ಶಿಡ್ಲಘಟ್ಟದ ರೇಷ್ಮೆಗೂಡಿಗೆ ಬೇಡಿಕೆ, ಚಿಂತಾಮಣಿಯ ಟೊಮೆಟೊಗೆ ಗಿರಾಕಿ. ಮದುವೆಗಳು ನಿಂತ ಕೊರೊನಾ ಕಾಲದಲ್ಲಿ ಹೂವನ್ನು ತಿಪ್ಪೆಗೆ ಸುರಿದ ರೈತರು ನಮ್ಮ ನಡುವೆಯೇ ಇದ್ದಾರೆ. ಆದರೆ ದೇಶದಲ್ಲೇ ಮಾಡುವುದೆಂದರೆ ನಂದಿಬೆಟ್ಟದ ತಪ್ಪಲಿನಲ್ಲಿ ಸಾಲುಗಟ್ಟಿರುವ ರೆಸಾರ್ಟುಗಳಲ್ಲಿ ಮಾಡುವುದು ಎಂದಾದರೆ, ಬಾಲಿಯ ರೈತನ ಬದಲು ನಮ್ಮ ರೈತನ ಕೊಳವೆಬಾವಿ ಒಣಗುತ್ತದೆ, ಅಷ್ಟೆ. ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಹುಟ್ಟುವ ಬೆಟ್ಟಸಾಲು ಇದು. ಗೌರಿಬಿದನೂರಿನವರು ಉತ್ತರ ಪಿನಾಕಿನಿಯಲ್ಲಿ ನೀರು ಹರಿದರೆ ನೋಡಲು ಹೋಗುವ ಸ್ಥಿತಿ ಬಂದಿದೆ. 2021ರ ಆಗಸ್ಟ್‌ನಲ್ಲಿ ಇದೇ ಬೆಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದದ್ದನ್ನು ಮರೆಯಲಾಗದು.

ಕಾನೂನಿನದೊಂದು ವಿನೋದವೂ ಇದೆ. 1969ರ ವಿದೇಶಿ ವಿವಾಹ ಕಾಯ್ದೆಯ ಪ್ರಕಾರ ಹೊರದೇಶದಲ್ಲಿ ಭಾರತದ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ಅಲ್ಲಿ ಮೂವತ್ತು ದಿನ ವಾಸವಿದ್ದು ನೋಟಿಸ್ ಕೊಡಬೇಕು. ಮೂರು ರಾತ್ರಿಗೆ ಹೋಗುವವರಿಗೆ ಇದು ಆಗದ ಮಾತು. ಆದ್ದರಿಂದ ಏರ್ಪಾಟಿನವನೇ ಸಲಹೆ ಕೊಟ್ಟಿದ್ದಾನೆ: ಮೊದಲು ಇಲ್ಲಿ ತಾಳಿ ಕಟ್ಟಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಅಲ್ಲಿಗೆ ಬಂದು ಇನ್ನೊಮ್ಮೆ ಕಟ್ಟಿ ಎಂದು. ಅಂದಮೇಲೆ ನಿಜವಾದ ಮದುವೆ ಶಿಡ್ಲಘಟ್ಟದಲ್ಲೇ, ನಾಲ್ಕು ಜನರ ನಡುವೆ, ಗದ್ದಲವಿಲ್ಲದೆ ಆಗಿಬಿಟ್ಟಿರುತ್ತದೆ!

ಆ ನಾಲ್ಕು ಜನರ ಮದುವೆಯನ್ನೇ ಮದುವೆ ಎಂದು ಒಪ್ಪಿಕೊಳ್ಳಲು ನಮಗೇನು ಅಡ್ಡಿ? ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ವಿವಾಹವನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಸಿದರು. ಆರು ದಶಕಗಳಾದವು. ಸಭೆಗಳಲ್ಲಿ ಅದನ್ನು ಹೊಗಳಿ, ಮರುದಿನ ಸಾವಿರ ಜನರ ಬೀಗರೂಟಕ್ಕೆ ಹೋಗಿ ಕೂತವರಲ್ಲಿ ನಾನೂ ಒಬ್ಬ. ಎರಡು ವರ್ಷದ ಹಿಂದೆ ನಮ್ಮೂರಿನ ಒಬ್ಬರು ಮಗನ ಮದುವೆಯನ್ನು ಮನೆಯಂಗಳದಲ್ಲಿ ಅರವತ್ತು ಜನರಿಗೆ ಮಾಡಿದಾಗ, ‘ದುಡ್ಡಿಲ್ಲವೋ, ಏನೋ ಮುಚ್ಚಿಡುತ್ತಿದ್ದಾರೋ’ ಎಂದು ಅರಳಿಕಟ್ಟೆಯಲ್ಲಿ ಆಡಿಕೊಂಡವರು ಹೊರಗಿನವರಲ್ಲ. ಆ ಮಾತನ್ನು ನಾನು ಕೇಳಿಸಿಕೊಂಡೆ, ಎದ್ದು ವಿರೋಧಿಸಲಿಲ್ಲ. ನನ್ನ ಸೋದರಸೊಸೆ ಬಾಲಿಗೆ ಹೋಗುವ ದಾರಿಯನ್ನು ಅಂಥ ಕಟ್ಟೆಗಳಲ್ಲಿ ಕೂತು ನಾವೇ ಹಾಕಿಕೊಟ್ಟಿದ್ದೇವೆ.

ಕಳೆದ ವಾರ ಆಕೆ ಮತ್ತು ಹುಡುಗನನ್ನು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಕರೆದೊಯ್ದಿದ್ದೆ. ಅಲ್ಲಿ ಉಮಾಮಹೇಶ್ವರ ಗುಡಿಯ ಮುಂದೆ ಕಪ್ಪು ಕಲ್ಲಿನ ಕಲ್ಯಾಣಮಂಟಪವಿದೆ. ನಾಲ್ಕು ಕಂಬಗಳು, ಕಂಬಗಳಲ್ಲಿ ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ, ಅಗ್ನಿ ಸ್ವಾಹಾದೇವಿ. ದೇವರುಗಳ ಮದುವೆಯ ಮಂಟಪ ನಾಲ್ಕೈದು ಜನ ನಿಂತರೆ ತುಂಬಿಹೋಗುತ್ತದೆ. ಹುಡುಗ ಅದನ್ನು ಬಹಳ ಹೊತ್ತು ನೋಡಿದ. ಪುಷ್ಕರಣಿಯ ಮೆಟ್ಟಿಲಲ್ಲಿ ಕೂತಾಗ ಆಕೆ ಹೇಳಿದಳು: "ಮಾವ, ಮುಂಗಡ ಕೊಟ್ಟಿರೋದು ಸ್ವಲ್ಪವೇ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ. ಊರಲ್ಲೇ ನೂರು ಜನಕ್ಕೆ ಮದುವೆ ಆದರೆ ಅಪ್ಪನ್ನ ಯಾರೂ ಒಂದು ಮಾತು ಅನ್ನಲ್ಲ ಅಂತ ನೀವು ಊರಿನವರ ಹತ್ತಿರ ಮಾತಾಡಿ ಬನ್ನಿ. ನಾವು ಇಲ್ಲೇ ಮಾಡ್ಕೋತೀವಿ."

ಅಕ್ಕ ದಿನಕ್ಕೊಮ್ಮೆ ಫೋನ್ ಮಾಡಿ ನನ್ನ ಪಾಸ್‌ಪೋರ್ಟ್ ಎಲ್ಲಿಯವರೆಗೆ ಬಂತು ಎಂದು ವಿಚಾರಿಸುತ್ತಾಳೆ. ನಾನು ಅರ್ಜಿ ಹಾಕಿಲ್ಲ, ಹಾಕುವುದಿಲ್ಲವೆಂದೂ ಹೇಳಿಲ್ಲ. ಬರುವ ಭಾನುವಾರ ಸಂಜೆ ಅಕ್ಕನ ಊರಿನ ಅರಳಿಕಟ್ಟೆಯಲ್ಲಿ ಜನರನ್ನು ಸೇರಿಸಿದ್ದೇನೆ. ಸರಳ ಮದುವೆ ಮಾಡಿದವರನ್ನು ಆಡಿಕೊಳ್ಳುವುದಿಲ್ಲ, ಕರೆಯದಿದ್ದರೆ ಮುನಿಯುವುದಿಲ್ಲ ಎಂದು ಹತ್ತು ಮನೆಯ ಹಿರಿಯರಾದರೂ ಬಾಯಿಬಿಟ್ಟು ಹೇಳುವರೇ ಎಂದು ನೋಡಬೇಕು. ಸುತ್ತಲ ಹಳ್ಳಿಗಳ ಓದುಗ ಮಿತ್ರರು ಬಂದರೆ ನನಗೆ ಬಲ. ಅಜ್ಜಿಗೂ ಹೇಳಿದ್ದೇನೆ. ಮದುವೆ ಇಲ್ಲೇ ಆಗುವುದಾದರೆ ಹಳೆಯ ತೆರೆದ ಬಾವಿಯ ಹೂಳು ತೆಗೆಸಿ, ಮಳೆಗಾಲದಲ್ಲಿ ನಾಲ್ಕು ಕೊಡ ನೀರು ನಿಲ್ಲುವುದೋ ನೋಡಿ ಎಂದು ಅವರು ಬೇರೆ ಕೆಲಸ ಹಚ್ಚಿದ್ದಾರೆ.