ನಮಾಜ್ ಕಡ್ಡಾಯ, ಧ್ವನಿವರ್ಧಕವಲ್ಲ

ಮುಂಬಯಿ: ಮಸೀದಿಗಳ ಧ್ವನಿವರ್ಧಕದ ವಿವಾದ ಮಹಾನಗರಕ್ಕೆ ಹೊಸದಲ್ಲ. ಕುರ್ಲಾದ ನೆಹರೂ ನಗರ ನಿವಾಸಿಗಳ ಅರ್ಜಿಯ ಮೇಲೆ 2025ರ ಜನವರಿ 23ರಂದು ತೀರ್ಪಿತ್ತ ಮುಂಬಯಿ ಹೈಕೋರ್ಟು, ಧ್ವನಿವರ್ಧಕ ಬಳಕೆ ಯಾವ ಧರ್ಮದ ಅವಿಭಾಜ್ಯ ಅಂಗವೂ ಅಲ್ಲ ಎಂದಿತು. ಇದನ್ನು ಅಜಾನಿನ ನಿಷೇಧವೆಂದೋ, ಪ್ರಾರ್ಥನೆಯ ಹಕ್ಕಿಗೆ ಧಕ್ಕೆಯೆಂದೋ ಅರ್ಥೈಸುವುದು ಸರಿಯಲ್ಲ.

ಇಸ್ಲಾಂನ ಐದು ಸ್ತಂಭಗಳಲ್ಲಿ ನಮಾಜ್ ಎರಡನೆಯದು. ಫಜ್ರ್, ಜುಹರ್, ಅಸರ್, ಮಗ್ರಿಬ್, ಇಶಾ ಎಂಬ ಐದು ಹೊತ್ತಿನ ನಮಾಜ್ ಫರ್ಜ್, ಅಂದರೆ ಕಡ್ಡಾಯ. ಅದಕ್ಕೆ ಕರೆಯುವ ಅಜಾನ್ ಸುನ್ನತ್, ಅಂದರೆ ಪ್ರವಾದಿಯವರ ಕಾಲದಿಂದ ಬಂದ ಪದ್ಧತಿ ಎಂಬುದು ಹನಫಿ ಸೇರಿದಂತೆ ಹೆಚ್ಚಿನ ಪಂಥಗಳ ನಿಲುವು. 7ನೇ ಶತಮಾನದಲ್ಲಿ ಮದೀನಾದಲ್ಲಿ ಬಿಲಾಲ್ ಮೊದಲ ಅಜಾನ್ ಕೂಗಿದ್ದು ಬರಿಗಂಟಲಿನಿಂದ. ಯಂತ್ರ ಬಂದದ್ದು 20ನೇ ಶತಮಾನದಲ್ಲಿ. 2020ರ ಮೇ ತಿಂಗಳಲ್ಲಿ ಅಲಹಾಬಾದ್ ಹೈಕೋರ್ಟು ಇದೇ ಭೇದವನ್ನು ಎತ್ತಿ ಹಿಡಿದು, ಅಜಾನ್ ಧರ್ಮದ ಅಂಗ, ಧ್ವನಿವರ್ಧಕವಲ್ಲ ಎಂದಿತ್ತು.

2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಿಜವಾದ ತೊಡಕಿರುವುದು ಫಜ್ರ್ ಅಜಾನಿಗೆ. ಅದು ವರ್ಷದ ಹೆಚ್ಚಿನ ದಿನ 6ಕ್ಕೆ ಮುಂಚೆಯೇ ಬರುತ್ತದೆ. ಉಳಿದ ನಾಲ್ಕಕ್ಕೆ ಅನುಮತಿ ಪಡೆದು ಧ್ವನಿಮಿತಿ ಪಾಲಿಸಿದರೆ ಸಾಕು.

ಪರಿಹಾರವೂ ಇಲ್ಲದಿಲ್ಲ. ಸಿಂಗಪುರದಲ್ಲಿ ದಶಕಗಳಿಂದ ಅಜಾನ್ ರೇಡಿಯೋದಲ್ಲಿ ಬಿತ್ತರವಾಗುತ್ತಿದೆ. 2025ರಲ್ಲಿ ಮುಂಬಯಿಯ ಕೆಲವು ಮಸೀದಿಗಳು ಮೊಬೈಲ್ ಆ್ಯಪ್ ಮೂಲಕ ಅಜಾನನ್ನು ಮನೆಮನೆಗೆ ಮುಟ್ಟಿಸತೊಡಗಿದವು. ಮುಂಜಾನೆಯ ಕರೆ ಬೇಕಾದವರಿಗೆ ಕೇಳುತ್ತದೆ, ರೋಗಿಗೂ ರಾತ್ರಿಪಾಳಿ ಮುಗಿಸಿ ಮಲಗಿದವನಿಗೂ ನಿದ್ದೆ ಕೆಡುವುದಿಲ್ಲ.

ಆದರೆ ಕಾನೂನು ಒಂದೇ ಕಡೆಗೆ ಬೀಸುವ ಬೆತ್ತವಾಗಬಾರದು. ತೀರ್ಪು ಹೇಳಿದ್ದು ಎಲ್ಲ ಧರ್ಮಗಳ ಕುರಿತು. ಗಣೇಶೋತ್ಸವ, ನವರಾತ್ರಿಯಂಥ ಹಬ್ಬಗಳಿಗೆ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಉಳಿದ ದಿನ ಭಜನೆಗೂ, ಬಯಲಾಟಕ್ಕೂ ಅದೇ ಗಡಿಯಾರ. ನಮ್ಮ ಸಂಘಸಂಸ್ಥೆಗಳೂ ಮೈದಾನದ ಕಾರ್ಯಕ್ರಮವನ್ನು 10ರೊಳಗೆ ಮುಗಿಸಿದರೆ ಮಾತ್ರ ನೆರೆಯ ಮಸೀದಿಗೆ ನಿಯಮ ಹೇಳುವ ನೈತಿಕ ಹಕ್ಕು ಉಳಿದೀತು.