ಕೆಡವುವ ಮೊದಲು ಒಮ್ಮೆ ನೋಡೋಣ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಗಿರಮಿಟ್ಟು, ಮಿರ್ಚಿ ತಿನ್ನಲು ಸೇರುವ ಜನರಲ್ಲಿ ಎಷ್ಟು ಮಂದಿಗೆ ಆ ಜಾಗಕ್ಕೆ ಆ ಹೆಸರು ಯಾಕೆ ಬಂತು ಅಂತ ಗೊತ್ತಿದೆ? ದುರ್ಗ ಅಂದರೆ ಕೋಟೆ, ಬೈಲು ಅಂದರೆ ಬಯಲು. ಕೋಟೆ ಹೋಯಿತು, ಹೆಸರು ಉಳಿಯಿತು, ಅಷ್ಟೇ.

ಆ ಹೆಸರಿನ ಹಿಂದೆ ಒಂದು ಕತೆಯಿದೆ. ಹುಬ್ಬಳ್ಳಿ ಆಗ ಗಡಿಯ ಊರು. ಬಿಜಾಪುರದ ಆದಿಲಶಾಹಿಗಳು, ಮರಾಠರು, ಮೊಗಲರು, ಹೈದರಾಲಿ ಎಲ್ಲರೂ ಅದಕ್ಕಾಗಿ ಬಡಿದಾಡಿದವರೇ. 1673ರಲ್ಲಿ ಶಿವಾಜಿಯ ಸೈನ್ಯ ಈ ಪೇಟೆಯನ್ನು ಲೂಟಿ ಮಾಡಿತು. ಇಂಗ್ಲಿಷರ ವ್ಯಾಪಾರ ಕೋಠಿಯೂ ಆ ಲೂಟಿಗೆ ಸಿಕ್ಕಿತು. ಮೊಗಲರ ಕಾಲದಲ್ಲಿ ಊರು ಸವಣೂರಿನ ನವಾಬರ ಕೈಗೆ ಬಂದಾಗ ಅವರು ಮಜೀದಪುರ ಎಂಬ ಹೊಸ ಬಡಾವಣೆ ಕಟ್ಟಿಸಿದರು. ಮುಂದೆ ಬಸಪ್ಪ ಶೆಟ್ಟರ್ ಎಂಬ ವ್ಯಾಪಾರಿ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಬೆಳೆಸಿದರು. ಒಬ್ಬ ಮುಸ್ಲಿಂ ದೊರೆ, ಒಬ್ಬ ಲಿಂಗಾಯತ ವರ್ತಕ, ಇಬ್ಬರ ಕೈಯಿಂದಲೂ ಎದ್ದ ಪೇಟೆ ಇದು. ಇವತ್ತು ಊರಲ್ಲಿ 'ಯಾರು ಮೂಲದವರು, ಯಾರು ಹೊರಗಿನವರು' ಎಂಬ ಪ್ರಶ್ನೆ ಎದ್ದಾಗ ಇದನ್ನು ನೆನಪಿಸುವವರು ಯಾರಿದ್ದಾರೆ?

ಹುಬ್ಬಳ್ಳಿ ಕರಾವಳಿಗೂ ದೂರದ ಊರಲ್ಲ. ರೈಲು ಬರುವ ಮೊದಲು ಆ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಹೋಯಿತು. ಹೀಗೆ ಬಂದು ಹೋದವರ ಗುರುತು ಇರುವುದು ಪುಸ್ತಕದಲ್ಲಿ ಮಾತ್ರ ಅಲ್ಲ, ಕಲ್ಲು, ಗಾರೆ, ಮರದಲ್ಲೂ ಇದೆ.

ಧಾರವಾಡದ ಕೋಟೆಯನ್ನೇ ತೆಗೆದುಕೊಳ್ಳಿ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್ ತನಕ ಟಿಪ್ಪುವಿನ ಸೇನಾಪತಿ ಬದ್ರುಝ್ಝಮಾನ್ ಖಾನ್ ಅಲ್ಲಿ ಮರಾಠ ಮತ್ತು ಇಂಗ್ಲಿಷ್ ಸೈನ್ಯದ ಮುತ್ತಿಗೆಯನ್ನು ತಡೆದು ನಿಂತರು. ಈಗ ಆ ಕೋಟೆಯಲ್ಲಿ ಹೆಚ್ಚೇನೂ ಉಳಿದಿಲ್ಲ. ಅದೇ ಉಣಕಲ್ಲಿನ ಚಂದ್ರಮೌಳೇಶ್ವರ ದೇವಸ್ಥಾನ ನೋಡಿ. ಚಾಲುಕ್ಯರ ಕಾಲದ ಆ ಕಟ್ಟಡ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಗಟ್ಟಿಯಾಗಿ ನಿಂತಿದೆ. ಪಟ್ಟಿಗೆ ಸೇರಿದ್ದಕ್ಕೆ ಉಳಿಯುವ ದಾರಿಯಾದರೂ ಇದೆ. ಸೇರದ್ದಕ್ಕೆ ಅದೂ ಇಲ್ಲ.

2022ರ ಡಿಸೆಂಬರಿನಲ್ಲಿ ಬಿ.ಆರ್.ಟಿ.ಎಸ್. ರಸ್ತೆಗಾಗಿ ಭೈರಿದೇವರಕೊಪ್ಪದ ದರ್ಗಾ ತೆರವಾದಾಗ ನಾವೆಲ್ಲ ನೊಂದೆವು. ನೋವು ಸಹಜ. ಆದರೆ ಅಷ್ಟಕ್ಕೇ ನಿಂತರೆ ಸಾಕೇ? ಬುಲ್‌ಡೋಜರ್ ಬರುವ ಮೊದಲು ಎಷ್ಟು ದರ್ಗಾ, ಎಷ್ಟು ಪಳ್ಳಿಗಳ ಅಳತೆ, ಫೋಟೊ, ಕಾಗದಪತ್ರ ನಮ್ಮಲ್ಲಿ ಸರಿಯಾಗಿ ಇವೆ? ಇನ್ನೊಂದು ಕಹಿ ಮಾತು. ಹಳೆಯ ಕಟ್ಟಡ ಕೆಡವಲು ಸರಕಾರವೇ ಬರಬೇಕೆಂದಿಲ್ಲ, ನಾವೇ ಸಾಕು. ಜಮಾಅತಿಗೆ ಸ್ವಲ್ಪ ಹಣ ಬಂದ ಕೂಡಲೇ ಮರದ ಕಂಬ, ಕೆತ್ತಿದ ಬಾಗಿಲು, ಹಂಚಿನ ಮಾಡು ಎಲ್ಲ ಕಿತ್ತು ಹಾಕಿ ಕಾಂಕ್ರೀಟು ಸುರಿದು ಟೈಲ್ಸ್ ಹಾಕಿಸುತ್ತೇವೆ. ನಮಾಝಿಗೆ ಜಾಗ ಸಾಲದಿದ್ದರೆ ವಿಸ್ತರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದನ್ನು ಉಳಿಸಿಕೊಂಡೇ ಪಕ್ಕದಲ್ಲಿ ಕಟ್ಟಲು ಆಗುವುದಿಲ್ಲವೇ? ಮಂಗಳೂರು ಬಂದರಿನ ಝೀನತ್ ಬಕ್ಷ್ ಪಳ್ಳಿಯ ಮರದ ಕೆತ್ತನೆಯನ್ನು ದೂರದ ಊರಿನವರು ಬಂದು ನೋಡಿ ಹೋಗುತ್ತಾರೆ. ಅದು ಉಳಿದದ್ದು ಯಾರೋ ಅದನ್ನು ಹಳತು ಅಂತ ಬಿಸಾಡದೆ ಇದ್ದದ್ದಕ್ಕೆ.

ದೊಡ್ಡ ಕೆಲಸ ಬೇಡ. ಹುಬ್ಬಳ್ಳಿಯಲ್ಲಾಗಲಿ ಕರಾವಳಿಯಲ್ಲಾಗಲಿ, ಪ್ರತಿ ಜಮಾಅತ್ ಒಂದು ಪುಸ್ತಕ ಇಡಲಿ. ಪಳ್ಳಿ ಯಾವಾಗ ಕಟ್ಟಿದ್ದು, ಜಾಗ ಯಾರು ಕೊಟ್ಟದ್ದು, ಗೋರಿ ಕಲ್ಲಿನ ಮೇಲೆ ಏನಿದೆ ಎಂದು ಹಿರಿಯರನ್ನು ಕೇಳಿ ಬರೆದಿಡಲಿ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಕೈಯಲ್ಲಿ ಮೊಬೈಲು ಇದ್ದೇ ಇದೆ, ಫೋಟೊ ಅವರೇ ತೆಗೆಯುತ್ತಾರೆ. ವಕ್ಫ್ ಕಾಗದಗಳ ಪ್ರತಿ ಎರಡು ಕಡೆ ಇರಲಿ. ಜಾಗ ಕೊಟ್ಟವರು, ಕಲ್ಲು ಹೊತ್ತವರು ಬೇರೆ ಸಮುದಾಯದವರಾಗಿದ್ದರೆ ಅವರ ಹೆಸರನ್ನು ಮೊದಲೇ ಬರೆಯಿರಿ. ನಾಳೆ ನಮ್ಮ ಪರವಾಗಿ ಮಾತಾಡುವುದು ಆ ಹೆಸರುಗಳೇ.

ದುರ್ಗದಬೈಲಿಗೆ ಹೆಸರಾದರೂ ಉಳಿಯಿತು. ನಮ್ಮ ಎಷ್ಟೋ ಕಟ್ಟಡಗಳಿಗೆ ಅದೂ ಉಳಿಯಲಿಕ್ಕಿಲ್ಲ. ಹಿರಿಯರು ಇರುವಾಗಲೇ ಕೇಳೋಣ, ಈ ಶುಕ್ರವಾರ ಜುಮಾ ಮುಗಿದ ಮೇಲೆಯೇ ಶುರು ಮಾಡೋಣ.