ಅಂಗೈಯಗಲದ ಅಂಗಡಿ

ಲೋಕಲ್ ಗಾಡಿಯಲ್ಲಿ ನಿಂತು ಪ್ರಯಾಣ ಮಾಡುವವರ ಕೈಗಳನ್ನು ಒಮ್ಮೆ ನೋಡಿ. ಒಂದು ಕೈ ಮೇಲಿನ ಹಿಡಿಕೆಗೆ ಜೋತುಬಿದ್ದಿರುತ್ತದೆ, ಇನ್ನೊಂದರಲ್ಲಿ ಫೋನು. ನಾಲ್ಕು ಬೆರಳು ಅದನ್ನು ಹಿಡಿದಿರುತ್ತವೆ, ಕೆಲಸವೆಲ್ಲ ಹೆಬ್ಬೆರಳೊಂದರದೇ. ಇಂದಿನ ಗಿರಾಕಿ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದು ಈ ಹೆಬ್ಬೆರಳಿನಿಂದ. ವ್ಯಾಪಾರಕ್ಕೊಂದು ವೆಬ್‌ಸೈಟು ಬೇಕೆಂದು ಯೋಚಿಸುತ್ತಿರುವ ಸಂಘದ ಬಂಧುಗಳು, ಖಾನಾವಳಿಯವರಾಗಲಿ, ಸೀರೆ ಮಾರುವವರಾಗಲಿ, ಪ್ರೆಸ್ಸಿನವರಾಗಲಿ, ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮದುವೆ ಮುಂಜಿಗಳಿಗೆ ಅಡಿಗೆ ಮಾಡಿಸಿಕೊಡುವ ಹಿರಿಯರೊಬ್ಬರು ನನಗೆ ಪರಿಚಿತರು. ಕಳೆದ ವರ್ಷ ವೆಬ್‌ಸೈಟು ಮಾಡಿಸಿದರು. "ನೋಡು ತಮ್ಮಾ, ಇಷ್ಟು ದುಡ್ಡು ಸುರಿದದ್ದಾಯಿತು, ವೈಶಾಖ ಹತ್ತಿರ ಬಂತು, ಒಂದು ಕರೆಯಾದರೂ ಬೇಡವೆ?" ಎಂದು ಫೋನು ನನ್ನ ಕೈಗಿತ್ತರು. ದೊಡ್ಡ ಪರದೆಯಲ್ಲಿ ಅದು ನಿಜಕ್ಕೂ ಸೊಗಸಾಗಿತ್ತಂತೆ. ಫೋನಿನಲ್ಲಿ ಮೊದಲು ಬಂದದ್ದು ಬಿಳಿಯ ಶೂನ್ಯ. ಬಳಿಕ ನಿಧಾನವಾಗಿ ಬಾಳೆಲೆಯ ಮೂಲೆ, ಅನಂತರ ಇಡೀ ಬಾಳೆಲೆ, ಅದರ ಕೆಳಗೆ ಅವರ ತೀರ್ಥರೂಪರ ಭಾವಚಿತ್ರ ಮತ್ತು ಮನೆತನದ ಇತಿಹಾಸ. ಊಟದ ಪಟ್ಟಿ ಬೇರೊಂದು ಪಿಡಿಎಫ್ ಕಡತದಲ್ಲಿ. ಫೋನ್ ನಂಬರು ಎಲ್ಲಕ್ಕಿಂತ ಕೊನೆಗೆ, ಅದೂ ಚಿತ್ರದೊಳಗಿನ ಅಂಕಿಗಳಾಗಿ. ಒತ್ತಿದರೆ ಕರೆ ಹೋಗದು. ಮಗಳ ಮದುವೆಯ ಗಡಿಬಿಡಿಯಲ್ಲಿರುವ ತಂದೆ ಆ ಅಂಕಿಗಳನ್ನು ಕಾಗದಕ್ಕೆ ಬರೆದುಕೊಂಡು ಮತ್ತೆ ಒತ್ತುತ್ತಾನೆಯೆ? ಮುಂದಿನ ಹೆಸರಿಗೆ ಹೋಗುತ್ತಾನೆ. ಆ ಹೆಸರಿನವರ ಅಡಿಗೆ ಇವರದಕ್ಕಿಂತ ರುಚಿಯೆಂದಲ್ಲ, ನಂಬರು ಕೈಗೆ ಸಿಕ್ಕಿತು, ಅಷ್ಟೇ.

ಇದರ ಹಿಂದಿನ ಕಥೆ ಸ್ವಲ್ಪ ತಿಳಿದಿರಲಿ. 2007ರಲ್ಲಿ ಐಫೋನು ಬಂದಾಗ ವೆಬ್‌ಸೈಟುಗಳೆಲ್ಲ ಮೇಜಿನ ಕಂಪ್ಯೂಟರಿಗೆಂದು ಮಾಡಿದವು. ಫೋನು ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ, ಇಡಿಯಾಗಿ ಕುಗ್ಗಿಸಿ ತೋರಿಸುತ್ತಿತ್ತು. ಓದುವವನು ಎರಡು ಬೆರಳಿನಿಂದ ಹಿಗ್ಗಿಸಿಕೊಳ್ಳಬೇಕಾಗಿತ್ತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬಾತ ಒಂದೇ ಪುಟವು ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ರೀತಿಗೆ 'ರೆಸ್ಪಾನ್ಸಿವ್' ವಿನ್ಯಾಸವೆಂದು ಹೆಸರಿಟ್ಟ. ಪಾತ್ರೆಯ ಆಕಾರ ತಾಳುವ ನೀರಿನಂತೆ ಎನ್ನಿ. 2015ರ ಏಪ್ರಿಲಿನಿಂದ ಗೂಗಲ್, ಫೋನಿನಲ್ಲಿ ಮಾಡಿದ ಹುಡುಕಾಟಕ್ಕೆ ಫೋನಿಗೊಗ್ಗುವ ಪುಟಗಳನ್ನು ಮೇಲಕ್ಕೆ ತಂದಿತು. ಮುಂದೆ ಕಂಪ್ಯೂಟರಿನ ರೂಪವನ್ನು ಬಿಟ್ಟು ಫೋನಿನ ರೂಪವನ್ನೇ ಓದಿ ದಾಖಲಿಸತೊಡಗಿತು. 2023ರಲ್ಲಿ ಆ ಬದಲಾವಣೆ ಮುಗಿಯಿತು. ಆದುದರಿಂದ, ಕಂಪ್ಯೂಟರಿನಲ್ಲಿ ಕಾಣಿಸಿ ಫೋನಿನಲ್ಲಿ ಬಿಟ್ಟುಹೋದ ಮಾತು ಗೂಗಲ್ಲಿನ ಪಾಲಿಗೂ ಇಲ್ಲದ ಹಾಗೆಯೇ.

ಹೊಂದಿಕೊಳ್ಳುವುದೊಂದೇ ಸಾಲದು, ಮೊದಲು ಏನು, ಆಮೇಲೆ ಏನು ಎಂಬುದೇ ಮುಖ್ಯ. ನೀವು ಏನು ಕೊಡುತ್ತೀರಿ, ಎಲ್ಲಿದ್ದೀರಿ, ಯಾವ ಹೊತ್ತಿಗೆ ತೆರೆದಿರುತ್ತೀರಿ, ಬೆಲೆ ಎಷ್ಟು, ಇಷ್ಟು ಮೊದಲ ಪರದೆಯಲ್ಲೇ ಬರಲಿ. ಜೊತೆಗೆ ಒತ್ತಿದೊಡನೆ ಕರೆ ಹೋಗುವ ಒಂದು ಗುಂಡಿ. ಗುಂಡಿಯೂ ಹೆಬ್ಬೆರಳಿಗೆ ಸಾಕಾಗುವಷ್ಟಿರಬೇಕು. ಗೂಗಲ್ಲಿನವರು ಹೇಳುವ ಅಳತೆ ಸುಮಾರು 9 ಮಿಲಿಮೀಟರು. ತೀರ್ಥರೂಪರ ಭಾವಚಿತ್ರ ಬೇಡವೆನ್ನಲಾರೆ, ಕೆಳಗಿರಲಿ, ಹಗುರಾಗಿರಲಿ. ಕ್ಯಾಮರಾದಿಂದ ನೇರವಾಗಿ ಬಂದ ಫೋಟೊ ನಾಲ್ಕೈದು ಎಂಬಿ ತೂಗುತ್ತದೆ. ಅದನ್ನು ಕುಗ್ಗಿಸಿ ನೂರಿನ್ನೂರು ಕೆಬಿಗೆ ಇಳಿಸಿದರೆ ಫೋನಿನ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣದು.

ಫಾರಂ ಎಂಬ ವಿಷಯದಲ್ಲಿ ಮಾತ್ರ ನನಗೆ ಮಾತನಾಡುವ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಸರಕಾರಿ ಗುಮಾಸ್ತನ ಆಯುಷ್ಯವೆಲ್ಲ ಅರ್ಜಿ ನಮೂನೆಗಳ ಮಧ್ಯೆಯೇ ಕಳೆಯುವುದಷ್ಟೆ. ಒಂದೊಂದು ಅಂಕಣ ಹೆಚ್ಚಿದಂತೆಲ್ಲ ತುಂಬದೆ ಬಿಟ್ಟ ಅರ್ಜಿಗಳು ಹೆಚ್ಚುವುದನ್ನು ನಾನು ನಿತ್ಯ ನೋಡುತ್ತೇನೆ. ಕಚೇರಿಗೆ ಬಂದವನು ವಿಧಿಯಿಲ್ಲದೆ ಮತ್ತೆ ಬರುತ್ತಾನೆ, ನಿಮ್ಮ ಗಿರಾಕಿಗೆ ಆ ಹಂಗಿಲ್ಲ. ಅಡಿಗೆಯವರಿಗೆ ಬೇಕಾದ್ದು ಹೆಸರು, ಫೋನು, ದಿನ, ಎಷ್ಟು ಎಲೆ, ಇಷ್ಟೇ. ಜನ್ಮದಿನಾಂಕವನ್ನೂ ಪಿನ್‌ಕೋಡನ್ನೂ ಕೇಳುವುದೇತಕ್ಕೆ? ಫೋನ್ ನಂಬರಿನ ಚೌಕ ಮುಟ್ಟಿದಾಗ ಅಂಕಿಗಳ ಕೀಲಿಮಣೆಯೇ ಏಳುವಂತೆ ಮಾಡಿರೆಂದು ಕೇಳಿ. ಅದು ಒಂದು ಪದದ ಕೆಲಸ.

ಇನ್ನು ನಮ್ಮ ಕನ್ನಡದ ಪಾಡು. ಪರಊರಿನಲ್ಲಿದ್ದುಕೊಂಡು ಹಲಗೆಯ ಮೇಲೆ ನಾಲ್ಕು ಅಕ್ಷರ ಕನ್ನಡ ಬರೆಸುವವರೇ ವಿರಳ, ಬರೆಸಿದವರದು ಹೀಗಾಗಬಾರದು. ಕೆಲವರು ಕನ್ನಡವನ್ನು ಚಿತ್ರವಾಗಿ ಅಂಟಿಸುತ್ತಾರೆ. ಅದು ಫೋನಿನಲ್ಲಿ ಇರುವೆಯ ಸಾಲು, ಹುಡುಕುವವರಿಗೂ ಸಿಗದು. ಕೆಲವರು ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದನ್ನೇ ಹಾಕುತ್ತಾರೆ. ಆ ವಿನ್ಯಾಸವಿಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು. ಯೂನಿಕೋಡಿನಲ್ಲಿ ಬರೆದರೂ ಇನ್ನೊಂದು ಅಪಾಯವುಂಟು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ಕನ್ನಡದ ಒತ್ತಕ್ಷರಕ್ಕೆ ಕಾಲು ಚಾಚಲು ಜಾಗವಿರದು. 'ಅಕ್ಕಿ ರೊಟ್ಟಿ' ಎಂದು ಬರೆಸಿದ್ದು 'ಅಕಿ ರೊಟಿ'ಯಾಗಿ ಮೆರೆಯುವುದನ್ನು ಕಂಡಿದ್ದೇನೆ. ಕನ್ನಡ ಬಾರದ ಡಿಸೈನರನಿಗೆ ಇದು ಕಣ್ಣಿಗೆ ಬೀಳದು, ಅವನ ತಪ್ಪೂ ಅಲ್ಲ. ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆಪಟ್ಟಾದರೂ ಇರಲೆಂದು ನೀವೇ ಹೇಳಬೇಕು.

ವೆಬ್‌ಸೈಟು ಯಾಕೆ, ಆ್ಯಪ್ ಮಾಡಿಸೋಣವೆನ್ನುವವರೂ ಇದ್ದಾರೆ. ಬಟ್ಟೆಯ ದೊಡ್ಡ ವ್ಯಾಪಾರಸಂಸ್ಥೆ ಮಿಂತ್ರ 2015ರಲ್ಲಿ ವೆಬ್‌ಸೈಟನ್ನು ಮುಚ್ಚಿ ಆ್ಯಪನ್ನಷ್ಟೇ ಇಟ್ಟುಕೊಂಡು, 2016ರಲ್ಲಿ ಮತ್ತೆ ತೆರೆಯಿತು. ವರ್ಷಕ್ಕೊಂದು ಮದುವೆಯ ಗಿರಾಕಿ ನಿಮ್ಮ ಆ್ಯಪನ್ನು ಫೋನಿನಲ್ಲಿ ಇಟ್ಟುಕೊಂಡಾನೆಂದು ನನಗಂತೂ ನಂಬಿಕೆಯಿಲ್ಲ.

ಹಣದ ಕೊನೆಯ ಕಂತು ಕೊಡುವ ಮೊದಲು ಪುಟವನ್ನು ಡಿಸೈನರನ ಕಂಪ್ಯೂಟರಿನಲ್ಲಿ ನೋಡಬೇಡಿ. ಮನೆಯಲ್ಲಿರುವ ಅತ್ಯಂತ ಅಗ್ಗದ ಫೋನನ್ನು ಹಿಡಿದು ಬಿಸಿಲಿಗೆ ಬನ್ನಿ. ಚಾಳೀಸು ಬಂದ ಅತ್ತೆಯೊಬ್ಬರ ಕೈಗೆ ಅದನ್ನು ಕೊಟ್ಟು, "ಇವರಿಗೊಂದು ಫೋನು ಮಾಡಿ ನೋಡಿ" ಎಂದಷ್ಟೇ ಹೇಳಿ ಸುಮ್ಮನೆ ನಿಲ್ಲಿ. ಎಲ್ಲಿ ಒತ್ತಬೇಕೆಂದು ಅವರು ನಿಮ್ಮನ್ನು ಕೇಳಿದರೆ ಕಂತನ್ನು ಕೊಡಬೇಡಿ. ವೆಬ್‌ಸೈಟಿನ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಬೇಕೆಂಬ ತಕರಾರಿನ ವಿಷಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.